ತೆಳು ಬ್ಲೇಡಿಗೆ ಬಲ ಕೊಡುವ ಬಾಗು

ಹೊಸ ಬ್ಲೇಡು ಹಾಕಿದ ದಿನವೇ ಕೆನ್ನೆ ಉರಿದರೆ ಬೈಗುಳ ಬೀಳುವುದು ಬ್ಲೇಡಿಗೆ. ಮುಂದಿನ ಸಲ ಬೇರೆ ಕಂಪನಿಯ ಪೊಟ್ಟಣ ಬರುತ್ತದೆ. ಉರಿ ಮಾತ್ರ ಹೋಗುವುದಿಲ್ಲ. ಎರಡೂ ಕಡೆ ಅಲಗಿರುವ ಬ್ಲೇಡು ಹಾಕುವ ಹಳೆಯ ಲೋಹದ ರೇಜರಿನಲ್ಲಿ, ಬ್ಲೇಡು ನೆಟ್ಟಗೆ ಕೂತಿದೆಯೇ ಎಂದು ಬಗ್ಗಿ ನೋಡುವವರು ಕಡಿಮೆ.

ಈ ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್. ಬೆರಳಲ್ಲಿ ಹಿಡಿದರೆ ಬಳುಕುತ್ತದೆ. ಹೀಗೆ ಬಳುಕುವ ತಗಡು ಒರಟು ಗಡ್ಡದ ಮುಂದೆ ನಿಲ್ಲುವುದಾದರೂ ಹೇಗೆ? ರೇಜರಿನ ಮುಚ್ಚಳವನ್ನು ಪಕ್ಕದಿಂದ ನೋಡಿದರೆ ಉತ್ತರ ಸಿಗುತ್ತದೆ. ಅದು ಚಪ್ಪಟೆಯಾಗಿಲ್ಲ, ಕಮಾನಿನಂತೆ ಬಾಗಿದೆ. ಕೆಳಗಿನ ತಟ್ಟೆಯೂ ಅದಕ್ಕೆ ಹೊಂದುವಂತೆ ಉಬ್ಬಿದೆ. ಹಿಡಿಕೆಯನ್ನು ತಿರುಗಿಸಿ ಬಿಗಿದಾಗ ಬ್ಲೇಡು ಇವೆರಡರ ನಡುವೆ ಸಿಕ್ಕಿ ತಾನೂ ಬಾಗುತ್ತದೆ. ಚಪ್ಪಟೆ ತಗಡು ಬಳುಕುತ್ತದೆ, ಅದೇ ತಗಡಿಗೆ ಅಲೆ ಮೂಡಿಸಿ ಚಾವಣಿಗೆ ಹೊದಿಸಿದರೆ ಭಾರ ತಡೆಯುತ್ತದಲ್ಲ, ಇಲ್ಲಿಯೂ ಅದೇ ಭೌತಶಾಸ್ತ್ರ. ಬಾಗಿದ ಬ್ಲೇಡು ಉದ್ದಕ್ಕೂ ಸೆಟೆದು ನಿಲ್ಲುತ್ತದೆ, ಅಲಗಿನ ತೀರಾ ಹತ್ತಿರದವರೆಗೂ ಅದಕ್ಕೆ ಆಸರೆ ಸಿಗುತ್ತದೆ.

ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪಡೆದ ಪೇಟೆಂಟಿನ ತಿರುಳೂ ಇದೇ. ಹೊರಗಿನ ಆಸರೆಯಿಲ್ಲದೆ ಅಲಗು ಗಟ್ಟಿಯಾಗಿ ನಿಲ್ಲಲಾರದಷ್ಟು ತೆಳುವಾದ, ಬೇಕೆಂದಾಗ ಬಿಚ್ಚಿ ತೆಗೆಯಬಹುದಾದ ಬ್ಲೇಡಿಗೆ ಅವನು ಹಕ್ಕು ಕೇಳಿದ್ದ. ಅಷ್ಟು ತೆಳುವಾದ ಉಕ್ಕನ್ನು ಸೊಟ್ಟಗಾಗದಂತೆ ಹದ ಮಾಡುವ ದಾರಿ ಕಂಡುಕೊಂಡವನು ಎಂಜಿನಿಯರ್ ವಿಲಿಯಂ ನಿಕರ್ಸನ್. ಮಾರಾಟ ಶುರುವಾದ 1903ರಲ್ಲಿ ಹೋದದ್ದು 51 ರೇಜರು, 168 ಬ್ಲೇಡು ಮಾತ್ರ. ಬ್ಲೇಡು ಅಗ್ಗವಾಗಬೇಕಾದರೆ ಅದು ತೆಳುವಾಗಬೇಕಿತ್ತು. ತೆಳುವಾದ ಮೇಲೆ ಅದರ ಗಟ್ಟಿತನದ ಹೊಣೆಯೆಲ್ಲ ರೇಜರಿನ ತಲೆಯ ಮೇಲೆ ಬಿತ್ತು.

ಹಾಗಾಗಿ ಬಿಗಿತ ಸಡಿಲವಾದರೆ ಬ್ಲೇಡು ಮತ್ತೆ ಬಳುಕುವ ತಗಡೇ. ಅಲಗು ಕೂದಲಿಗೆ ಸಿಕ್ಕಿ ಹಿಂದಕ್ಕೆ ಬಾಗುತ್ತದೆ, ತಟ್ಟನೆ ಬಿಡಿಸಿಕೊಂಡು ಮುಂದೆ ನೆಗೆಯುತ್ತದೆ. ಈ ಸಣ್ಣ ಅದುರಾಟವೇ ಕೆನ್ನೆಯ ಮೇಲೆ ಎಳೆತವಾಗಿ, ಉರಿಯಾಗಿ ಗೊತ್ತಾಗುವುದು.

ಇನ್ನೊಂದು ತೊಂದರೆ ಬ್ಲೇಡು ಓರೆಯಾಗಿ ಕೂರುವುದು. ಬ್ಲೇಡಿನ ನಡುವಿನ ಸೀಳು ಮುಚ್ಚಳದ ಗೂಟಗಳ ಮೇಲೆ ಸಲೀಸಾಗಿ ಇಳಿಯಬೇಕಾದರೆ ಕೂದಲೆಳೆಯಷ್ಟಾದರೂ ಸಡಿಲ ಇರಲೇಬೇಕು. ಆ ಸಡಿಲವೆಲ್ಲ ಒಂದೇ ಪಕ್ಕಕ್ಕೆ ಸರಿದರೆ ಒಂದು ಅಲಗು ಹೆಚ್ಚು ಹೊರಚಾಚುತ್ತದೆ, ಇನ್ನೊಂದು ಒಳಸೇರುತ್ತದೆ. ಆಗ ಒಂದು ಬದಿ ಕಚ್ಚುತ್ತದೆ, ಇನ್ನೊಂದು ಬದಿ ನೊರೆಯನ್ನಷ್ಟೇ ಬಳಿದುಕೊಂಡು ಬರುತ್ತದೆ.

ಇದನ್ನು ತಪ್ಪಿಸಲು ಮುಚ್ಚಳವನ್ನು ಅಂಗೈಯಲ್ಲಿ ಅಂಗಾತ ಮಲಗಿಸಿ, ಗೂಟಗಳು ಮೇಲಕ್ಕಿರಲಿ. ಅದರ ಮೇಲೆ ಬ್ಲೇಡು, ಬ್ಲೇಡಿನ ಮೇಲೆ ತಟ್ಟೆ. ತಟ್ಟೆಯ ಉಬ್ಬು ಬ್ಲೇಡಿನ ಕಡೆಗಿರಬೇಕು. ತಟ್ಟೆ ತಿರುಗುಮುರುಗಾದರೆ ಬ್ಲೇಡು ಬಾಗುವುದೇ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬ್ಲೇಡಿನ ಗಿಡ್ಡ ತುದಿಗಳನ್ನು ತಟ್ಟೆಯ ಸಮೇತ ಒತ್ತಿ ಹಿಡಿಯಿರಿ. ಅಲ್ಲಿ ಅಲಗಿಲ್ಲ, ಬೆರಳು ಕೊಯ್ಯುವ ಭಯವಿಲ್ಲ. ಹಾಗೆ ಹಿಡಿದುಕೊಂಡೇ ಹಿಡಿಕೆ ತಿರುಗಿಸಿ. ಬೆರಳ ಒತ್ತು ಬ್ಲೇಡನ್ನು ನಡುವಿನಲ್ಲಿ ನಿಲ್ಲಿಸುತ್ತದೆ, ಬಿಗಿಯುವಾಗ ಅದು ಹಿಡಿಕೆಯ ಜೊತೆ ಹೊರಳುವುದಿಲ್ಲ. ತಿರುಪು ತಾನಾಗಿ ನಿಂತ ಮೇಲೆ ಕೊಂಚ ಬಿಗಿದರೆ ಸಾಕು. ಅಗ್ಗದ ರೇಜರಿನ ತಲೆ ಹೆಚ್ಚಾಗಿ ಸತುವಿನ ಮಿಶ್ರಲೋಹದ ಎರಕ. ಬಲಪ್ರಯೋಗ ಮಾಡಿದರೆ ಗೂಟ ಮುರಿದು ಹಿಡಿಕೆಯೊಳಗೇ ಉಳಿದೀತು.

ಆಮೇಲೆ ರೇಜರನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಅಲಗಿಗೂ ತಟ್ಟೆಯ ಅಂಚಿಗೂ ನಡುವೆ ಬೆಳಕಿನ ಸಣ್ಣ ಗೆರೆ ಕಾಣುತ್ತದೆ. ಅದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಗಲವಿರಬೇಕು, ಎರಡೂ ಬದಿಯಲ್ಲಿ ಸಮವಿರಬೇಕು. ಇಲ್ಲದಿದ್ದರೆ ಅರ್ಧ ಸುತ್ತು ಸಡಿಲಿಸಿ, ತುದಿಗಳನ್ನು ಒತ್ತಿ, ಮತ್ತೆ ಬಿಗಿಯಿರಿ.

ಎಷ್ಟು ಸಲ ಕೂರಿಸಿದರೂ ಗೆರೆ ಸೊಟ್ಟಗಿದ್ದರೆ ನಡುವೆ ಏನೋ ಸಿಕ್ಕಿಕೊಂಡಿರಬಹುದು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಬಿಳಿ ಗಸಿಯಾಗುತ್ತವೆ. ಬ್ಲೇಡನ್ನು ಕಾಗದಕ್ಕೆ ಅಂಟಿಸಲು ಕೆಲವರು ಹಾಕುವ ಮೇಣದ ಚುಕ್ಕೆಯೂ ಅಲ್ಲೇ ಕೂರುತ್ತದೆ. 0.1 ಮಿಲಿಮೀಟರಿನ ಬ್ಲೇಡಿನಡಿ ಅಷ್ಟೇ ದಪ್ಪದ ಗಸಿ ಕೂತರೂ ಅದು ಸಣ್ಣ ಅಡ್ಡಿಯಲ್ಲ. ಬಿಸಿನೀರಿಗೆ ತುಸು ವಿನೆಗರ್ ಬೆರೆಸಿ ಸ್ವಲ್ಪ ಹೊತ್ತು ನೆನೆಸಿ, ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದರೆ ಬಿಡುತ್ತದೆ. ಹಿಡಿಕೆಯ ಬುಡ ತಿರುಗಿಸಿದರೆ ಚಿಟ್ಟೆಯ ರೆಕ್ಕೆಯಂತೆ ತೆರೆಯುವ ರೇಜರುಗಳಲ್ಲಿ ಈ ಗಸಿ ಕೀಲುಗಳಲ್ಲಿ ಸೇರಿ, ಒಂದು ಬಾಗಿಲು ಪೂರ್ತಿ ಮುಚ್ಚದಂತೆ ಮಾಡುತ್ತದೆ. ತೊಳೆದು ಒಣಗಿಸಿ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ.

ಕೂರಿಸಿದ್ದೂ ಸರಿ, ತೊಳೆದದ್ದೂ ಆಯಿತು, ಒಂದು ಬದಿ ಮಾತ್ರ ಈಗಲೂ ಕಚ್ಚುತ್ತಿದೆ. ತಪ್ಪು ಯಾರದು? ತಟ್ಟೆಯ ಆ ಬದಿಗೆ ಮಾರ್ಕರಿನಿಂದ ಒಂದು ಚುಕ್ಕೆ ಇಡಿ. ಹಲವು ಬ್ಲೇಡುಗಳ ಮೂಲೆಯಲ್ಲಿ 1, 2, 3, 4 ಎಂಬ ಅಂಕಿಗಳಿರುತ್ತವೆ. ಚುಕ್ಕೆಯ ಬದಿಗಿರುವ ಅಂಕಿ ನೋಡಿಕೊಳ್ಳಿ. ಬ್ಲೇಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ, ಗಡ್ಡ ಹೆರೆಯಿರಿ. ಕಚ್ಚುವಿಕೆ ಅಂಕಿಯ ಜೊತೆ ಆಚೆ ಬದಿಗೆ ಹೋದರೆ ಬ್ಲೇಡು ಕೆಟ್ಟಿದೆ, ಬಿಸಾಡಿ. ಚುಕ್ಕೆಯ ಬದಿಯಲ್ಲೇ ಉಳಿದರೆ ತಟ್ಟೆಯೋ ಮುಚ್ಚಳವೋ ಸೊಟ್ಟಗಾಗಿದೆ. ಇನ್ನೆಷ್ಟು ಪೊಟ್ಟಣ ಬದಲಿಸಿದರೂ ದುಡ್ಡು ದಂಡ.