ಮುಕ್ಕಾಲು ಸೆಕೆಂಡಿನಲ್ಲಿ ನಾಲ್ಕೂವರೆ ಸುತ್ತು

ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಮೆ ಉಷ್ಣತೆ ೭.೮ ಡಿಗ್ರಿ ಸೆಂಟಿಗ್ರೇಡ್. ಅದು ೧೮೮೪ರ ಜನವರಿ ೧೩ರ ಮಾತು. ಆದುದರಿಂದ ನಗರದ ದಕ್ಷಿಣದಂಚಿನ ಅಂಜನಾಪುರದ ಕೆರೆ ಹೆಪ್ಪುಗಟ್ಟಿತೆಂಬ ವಾರ್ತೆಯನ್ನು ನಮ್ಮ ವಾಚಕರು ಕೇಳುವ ಸಂಭವವಿಲ್ಲ. ಹೀಗಿರಲು, ಪಾದಕ್ಕೆ ಉಕ್ಕಿನ ಅಲಗುಗಳನ್ನು ತೊಟ್ಟು ಮಂಜುಗಡ್ಡೆಯ ಮೇಲೆ ಜಾರುತ್ತ, ನೆಗೆಯುತ್ತ, ಗಿರ್ರನೆ ತಿರುಗುವ ಫಿಗರ್ ಸ್ಕೇಟಿಂಗ್ ಎಂಬ ಕ್ರೀಡೆಯು ಅಂಜನಾಪುರದ ಹುಡುಗ ಹುಡುಗಿಯರಿಗೆ ಬೇರೊಂದು ಲೋಕದ ವಿಷಯವೆಂದು ತೋರಿದರೆ ಆಶ್ಚರ್ಯವಿಲ್ಲ. ಚಳಿಗಾಲದ ಒಲಿಂಪಿಕ್ ಕೂಟಕ್ಕೆ ಭಾರತದ ಪರವಾಗಿ ಮೊದಲು ಹೋದವರು ಜೆರೆಮಿ ಬುಜಕೋವ್‌ಸ್ಕಿ, ೧೯೬೪ರ ಇನ್ಸ್‌ಬ್ರುಕ್ ಕೂಟಕ್ಕೆ. ಅವರು ಸ್ಕೀ ಪಟು. ೨೦೨೨ರ ಬೀಜಿಂಗ್ ಕೂಟಕ್ಕೆ ಹೋದ ಏಕೈಕ ಭಾರತೀಯ ಆರಿಫ್ ಖಾನರೂ ಸ್ಕೀ ಪಟುವೇ. ಫಿಗರ್ ಸ್ಕೇಟಿಂಗಿನ ಒಲಿಂಪಿಕ್ ಅಂಗಣವನ್ನು ಅಲ್ಲಿಯವರೆಗೆ ನಮ್ಮವರೊಬ್ಬರೂ ಮೆಟ್ಟಿರಲಿಲ್ಲ. ಆದರೆ ಅಲ್ಲಿ ಪದಕಗಳನ್ನು ಹಂಚುವ ನಿಯಮವೊಂದು ನಮ್ಮೂರ ಬುಗುರಿಯನ್ನೂ ಆಳುತ್ತಿದೆ. ಅದನ್ನು ತಿಳಿಯಲು ಹಿಮದ ನಾಡಿಗೆ ಹೋಗಬೇಕಾಗಿಲ್ಲ.

ಮೊದಲು ಮಂಜುಗಡ್ಡೆಯ ವಿಷಯ. ಅದು ಜಾರುವುದೇಕೆ? ಅಲಗಿನ ಒತ್ತಡಕ್ಕೆ ಅದು ಕರಗಿ ನೀರಾಗುವುದರಿಂದ, ಎಂದು ಅನೇಕ ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. ಒತ್ತಡ ಹೆಚ್ಚಿದಂತೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯುವುದೇನೋ ನಿಜ. ಎಷ್ಟು ಇಳಿಯುತ್ತದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಒಂದು ಡಿಗ್ರಿ ಇಳಿಯಲು ವಾಯುಮಂಡಲದ ಒತ್ತಡದ ಸುಮಾರು ೧೩೫ ಪಟ್ಟು ಬೇಕು. ೬೦ ಕಿಲೋಗ್ರಾಂ ತೂಕದವನೊಬ್ಬನು ಒಂದು ಚದರ ಸೆಂಟಿಮೀಟರಿನಷ್ಟು ಅಲಗಿನ ಮೇಲೆ ನಿಂತರೂ ಒತ್ತಡವು ಸುಮಾರು ೬೦ ಪಟ್ಟಾಗುತ್ತದೆ. ಕರಗುವ ಬಿಂದು ಅರ್ಧ ಡಿಗ್ರಿಯೂ ಇಳಿಯದು. ಸ್ಪರ್ಧೆಯ ಅಂಗಣವಾದರೋ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿರುತ್ತದೆ. ಹಾಗಾಗಿ ಈ ಸಮಾಧಾನ ಸಾಲದು. ೧೯೩೯ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು, ಅಲಗಿನ ತಿಕ್ಕಾಟದಿಂದ ಹುಟ್ಟುವ ಶಾಖವೇ ಮುಖ್ಯ ಕಾರಣವೆಂದು ತೋರಿಸಿದರು. ಅದಕ್ಕೂ ಬಹು ಮುನ್ನ, ೧೮೫೦ರಲ್ಲಿಯೇ, ಮಂಜುಗಡ್ಡೆಯ ಮೈಮೇಲೆ ತೆಳುವಾದ ನೀರಿನ ಪೊರೆಯೊಂದು ತಾನಾಗಿಯೇ ಇರುವುದೆಂದು ಫ್ಯಾರಡೆ ಊಹಿಸಿದ್ದನು. ಮೇಲ್ಮೈಯ ಅಣುಗಳಿಗೆ ಮೇಲುಗಡೆ ಹಿಡಿದುಕೊಳ್ಳುವ ನೆರೆಯವರಿಲ್ಲ. ಆದುದರಿಂದ ಅವು ಸಡಿಲವಾಗಿರುತ್ತವೆಂದು ಇಂದಿನ ವಿಜ್ಞಾನ ಅವನ ಊಹೆಯನ್ನು ಎತ್ತಿಹಿಡಿದಿದೆ.

ಜಾರುವುದು ಮಾತ್ರವೇ ಆಗಿದ್ದರೆ ಈ ಕ್ರೀಡೆ ಇಷ್ಟು ಕುತೂಹಲಕರವಾಗುತ್ತಿರಲಿಲ್ಲ. ಅದರ ಹೆಸರಿನಲ್ಲಿರುವ ‘ಫಿಗರ್’ ಎಂಬುದು ಮಂಜುಗಡ್ಡೆಯ ಮೇಲೆ ಅಲಗಿನಿಂದ ಬರೆಯಬೇಕಾಗಿದ್ದ ವೃತ್ತಗಳನ್ನೂ ಎಂಟರ ಆಕೃತಿಗಳನ್ನೂ ಸೂಚಿಸುತ್ತದೆ. ಒಲಿಂಪಿಕ್ಸಿಗೆ ಈ ಕ್ರೀಡೆ ಬಂದುದು ೧೯೦೮ರ ಲಂಡನ್ ಕೂಟದಲ್ಲಿ; ಚಳಿಗಾಲದ ಕೂಟಗಳೇ ಆಗ ಇರಲಿಲ್ಲ, ಅವು ಆರಂಭವಾದುದು ೧೯೨೪ರಲ್ಲಿ, ಶಾಮೋನಿಯಲ್ಲಿ. ಆಕೃತಿ ಬರೆಯುವ ಸ್ಪರ್ಧೆಯನ್ನು ೧೯೯೦ರ ಬಳಿಕ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಕೈಬಿಡಲಾಯಿತು. ಹೆಸರು ಉಳಿಯಿತು, ಆಕೃತಿ ಅಳಿಯಿತು, ನೆಗೆತವು ಸಿಂಹಾಸನವನ್ನೇರಿತು.

ಮುಖ್ಯವಾದ ನೆಗೆತಗಳು ಆರು. ಅವುಗಳಲ್ಲಿ ನಾರ್ವೆಯ ಆಕ್ಸೆಲ್ ಪೌಲ್ಸನ್ ೧೮೮೨ರಲ್ಲಿ ವಿಯೆನ್ನಾದಲ್ಲಿ ತೋರಿಸಿದ ನೆಗೆತಕ್ಕೆ ವಿಶೇಷ ಸ್ಥಾನವುಂಟು. ಉಳಿದ ಐದರಲ್ಲಿ ಪಟು ಹಿಮ್ಮುಖನಾಗಿ ಜಾರುತ್ತ ಮೇಲಕ್ಕೆ ಚಿಮ್ಮುತ್ತಾನೆ. ‘ಆಕ್ಸೆಲ್’ನಲ್ಲಿ ಮಾತ್ರ ಮುಮ್ಮುಖನಾಗಿ. ಇಳಿಯುವುದು ಎಲ್ಲದರಲ್ಲಿಯೂ ಹಿಮ್ಮುಖವಾಗಿಯೇ. ಆದುದರಿಂದ ಆಕ್ಸೆಲ್‌ಗೆ ಯಾವಾಗಲೂ ಅರ್ಧ ಸುತ್ತು ಹೆಚ್ಚು. ಅಮೆರಿಕದ ಡಿಕ್ ಬಟನ್ ೧೯೪೮ರ ಸೇಂಟ್ ಮೊರಿಟ್ಸ್ ಒಲಿಂಪಿಕ್ಸಿನಲ್ಲಿ ಎರಡೂವರೆ ಸುತ್ತಿನ ಆಕ್ಸೆಲ್ ಸಾಧಿಸಿದನು. ಮೂರೂವರೆ ಸುತ್ತನ್ನು ಕೆನಡದ ವರ್ನ್ ಟೇಲರ್ ಸಾಧಿಸಿದುದು ೧೯೭೮ರಲ್ಲಿ. ಎರಡೂವರೆಯಿಂದ ಮೂರೂವರೆಗೆ ಏರಲು ಮೂವತ್ತು ವರ್ಷಗಳೇ ಬೇಕಾದುವು. ಅಲ್ಲಿಂದ ನಾಲ್ಕೂವರೆಗೆ ಮತ್ತೆ ನಲವತ್ತನಾಲ್ಕು ವರ್ಷ. ಒಂದೊಂದು ಸುತ್ತಿಗೆ ಇಷ್ಟು ಕಾಲವೇಕೆ?

ಇದನ್ನು ತಿಳಿಯಲು ಅಂಜನಾಪುರದ ಯಾವ ಮನೆಯಲ್ಲಿಯಾದರೂ ಮಾಡಬಹುದಾದ ಪ್ರಯೋಗವೊಂದುಂಟು. ಸಲೀಸಾಗಿ ತಿರುಗುವ ಕುರ್ಚಿಯೊಂದರಲ್ಲಿ ಕುಳಿತು, ಎರಡು ಕೈಗಳಲ್ಲಿಯೂ ದಪ್ಪನೆಯ ಪುಸ್ತಕಗಳನ್ನು ಹಿಡಿದು ತೋಳುಗಳನ್ನು ಚಾಚಿರಿ. ಕಾಲುಗಳು ನೆಲಕ್ಕೆ ತಾಗದಿರಲಿ. ಗೆಳೆಯನೊಬ್ಬನು ಕುರ್ಚಿಯನ್ನು ಮೆಲ್ಲಗೆ ತಿರುಗಿಸಲಿ. ಈಗ ತೋಳುಗಳನ್ನು ಎದೆಗೆ ಒತ್ತಿಕೊಳ್ಳಿರಿ. ಯಾರೂ ನೂಕದಿದ್ದರೂ ಕುರ್ಚಿಯ ವೇಗ ಹೆಚ್ಚುವುದು. (ಬೀಳದಂತೆ ಎಚ್ಚರ ವಹಿಸಿರಿ, ಬಿದ್ದರೆ ಮಂಜುಗಡ್ಡೆಗಿಂತ ನಮ್ಮ ನೆಲ ಮೃದುವೇನಲ್ಲ.) ತಿರುಗುವ ವಸ್ತುವಿಗೆ ಒಂದು ಬಗೆಯ ಜಡತ್ವವಿದೆ, ಅದು ದ್ರವ್ಯರಾಶಿಯನ್ನು ಮಾತ್ರವಲ್ಲದೆ ಆ ದ್ರವ್ಯವು ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನೂ ಅವಲಂಬಿಸುತ್ತದೆ. ದೂರ ಅರ್ಧವಾದರೆ ಜಡತ್ವ ಕಾಲುಭಾಗ. ಈ ಜಡತ್ವವನ್ನು ತಿರುಗುವ ವೇಗದಿಂದ ಗುಣಿಸಿದಾಗ ಬರುವ ಕೋನೀಯ ಸಂವೇಗವು, ಹೊರಗಿನಿಂದ ಯಾರೂ ತಿರುಚದಿದ್ದರೆ ಬದಲಾಗದು. ಒಂದು ಕಡಮೆಯಾದರೆ ಇನ್ನೊಂದು ಹೆಚ್ಚಲೇಬೇಕು.

ನೆಗೆದ ಪಟುವಿನ ಕಷ್ಟ ಇಲ್ಲಿಯೇ ಇದೆ. ಗಾಳಿಯಲ್ಲಿ ಒದೆಯಲು ನೆಲವಿಲ್ಲ, ಹಿಡಿಯಲು ಗೋಡೆಯಿಲ್ಲ. ಅಲಗು ಮಂಜುಗಡ್ಡೆಯನ್ನು ಬಿಟ್ಟ ಕ್ಷಣದಲ್ಲಿ ಎಷ್ಟು ಕೋನೀಯ ಸಂವೇಗವಿತ್ತೋ ಅಷ್ಟೇ ಅವನ ಆಸ್ತಿ. ಗಾಳಿಯಲ್ಲಿರುವ ಕಾಲವೂ ಆಗಲೇ ನಿರ್ಧಾರವಾಗಿರುತ್ತದೆ. ಅರ್ಧ ಮೀಟರ್ ಎತ್ತರಕ್ಕೆ ಚಿಮ್ಮಿದವನು ಏರಿ ಇಳಿಯಲು ೦.೬೪ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನಾಲ್ಕೂವರೆ ಸುತ್ತೆಂದರೆ ಸೆಕೆಂಡಿಗೆ ಏಳು, ಮಿನಿಟಿಗೆ ೪೨೦ ಸುತ್ತಿನ ವೇಗ. ಸೂರಿಗೆ ತೂಗುಹಾಕಿದ ನಮ್ಮ ಪಂಖವು ಪೂರ್ಣವೇಗದಲ್ಲಿ ತಿರುಗುವುದು ಮಿನಿಟಿಗೆ ಸುಮಾರು ೩೫೦ ಬಾರಿ. (ಚಿಮ್ಮುವ ಮುನ್ನವೇ ಅಲಗಿನ ಮೇಲೆ ಸ್ವಲ್ಪ ತಿರುಗಿಕೊಳ್ಳುವುದುಂಟು, ಆದರೂ ಮಾನವದೇಹವು ಪಂಖದೊಡನೆ ಸ್ಪರ್ಧಿಸಬೇಕಾದ ವೇಗವಿದು.)

ಇನ್ನೂ ಎತ್ತರ ನೆಗೆಯಬಾರದೇಕೆ? ಎತ್ತರ ಇಮ್ಮಡಿಯಾದರೆ ಕಾಲ ಇಮ್ಮಡಿಯಾಗದು. ಎತ್ತರದ ವರ್ಗಮೂಲದಂತೆ, ೧.೪ ಪಟ್ಟು ಮಾತ್ರ ಹೆಚ್ಚುತ್ತದೆ. ಅರ್ಧ ಮೀಟರ್ ನೆಗೆದು ಮೂರೂವರೆ ಸುತ್ತುವವನು ಅದೇ ವೇಗದಲ್ಲಿ ತಿರುಗಿ ನಾಲ್ಕೂವರೆ ಸುತ್ತಬೇಕಾದರೆ ೮೩ ಸೆಂಟಿಮೀಟರ್ ನೆಗೆಯಬೇಕು. ಇದು ಬಹುಮಟ್ಟಿಗೆ ಅಸಾಧ್ಯ. ಉಳಿದ ದಾರಿ ಒಂದೇ: ದೇಹವನ್ನು ಇನ್ನಷ್ಟು ಬೇಗನೆ, ಇನ್ನಷ್ಟು ಬಿಗಿಯಾಗಿ, ಕಂಬದಂತೆ ಸಣ್ಣದಾಗಿಸುವುದು.

ಜಪಾನಿನ ಯುಜುರು ಹನ್ಯು ೨೦೧೪ ಮತ್ತು ೨೦೧೮ರ ಒಲಿಂಪಿಕ್ ಸ್ವರ್ಣಪದಕಗಳನ್ನು ಗೆದ್ದಿದ್ದವರು. ೨೦೨೨ರ ಫೆಬ್ರವರಿ ೧೦ರಂದು ಬೀಜಿಂಗಿನಲ್ಲಿ, ಗೆಲುವಿಗೆ ಅನುಕೂಲವಾದ ಸುಲಭಮಾರ್ಗವನ್ನು ಬಿಟ್ಟು, ಅಲ್ಲಿಯವರೆಗೆ ಸ್ಪರ್ಧೆಯಲ್ಲಿ ಯಾರೂ ಸಾಧಿಸದಿದ್ದ ನಾಲ್ಕೂವರೆ ಸುತ್ತಿಗೆ ಕೈಹಾಕಿದರು. ಸುತ್ತು ಸ್ವಲ್ಪದರಲ್ಲಿ ಅಪೂರ್ಣವಾಗಿ ಬಿದ್ದರು. ನಾಲ್ಕನೆಯ ಸ್ಥಾನ ದೊರೆಯಿತು. ಆ ಸೋಲು ನನಗೆ ಎಷ್ಟೋ ಗೆಲುವುಗಳಿಗಿಂತ ಹಿರಿದಾಗಿ ತೋರುತ್ತದೆ. ಅದೇ ವರ್ಷದ ಸೆಪ್ಟೆಂಬರ್ ೧೪ರಂದು, ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ, ಹದಿನೇಳು ವರ್ಷದ ಇಲ್ಯಾ ಮಲಿನಿನ್ ಆ ನೆಗೆತವನ್ನು ಮೊತ್ತಮೊದಲು ಪೂರ್ಣಗೊಳಿಸಿದನು.

ಹದಿನೇಳು ವರ್ಷ! ಎಳೆಯರಿಗೆ ಈ ಕ್ರೀಡೆಯಲ್ಲಿರುವ ಅನುಕೂಲ ಬರಿಯ ಉತ್ಸಾಹದ್ದಲ್ಲ. ಒಂದು ದೇಹವು ಎಲ್ಲ ದಿಕ್ಕಿನಲ್ಲಿಯೂ ಸಮಪ್ರಮಾಣದಲ್ಲಿ ನೂರಕ್ಕೆ ಹತ್ತರಷ್ಟು ಬೆಳೆಯಿತೆಂದುಕೊಳ್ಳಿ. ದ್ರವ್ಯರಾಶಿಯು ೧.೧ರ ಘನದಷ್ಟು ಹೆಚ್ಚುತ್ತದೆ. ದೂರದ ವರ್ಗವೂ ಅದರೊಡನೆ ಸೇರುವುದರಿಂದ ತಿರುಗುವ ಜಡತ್ವವು ೧.೧ರ ಐದನೆಯ ಘಾತದಷ್ಟು, ಅಂದರೆ ನೂರಕ್ಕೆ ೬೧ರಷ್ಟು ಹೆಚ್ಚುತ್ತದೆ! ಒಂದೆರಡು ವರ್ಷಗಳ ಬೆಳವಣಿಗೆಯಲ್ಲಿ ಹುಡುಗಿಯೊಬ್ಬಳ ಕಷ್ಟಪಟ್ಟು ಕಲಿತ ನೆಗೆತವು ಕೈತಪ್ಪಿಹೋಗುವುದಕ್ಕೆ ಇದೇ ಕಾರಣ. ಅವಳ ಶ್ರದ್ಧೆ ಕುಂದಿಲ್ಲ; ಅವಳು ಬೆಳೆದಿದ್ದಾಳೆ, ಅಷ್ಟೆ. ಬೆಳೆಯುವ ಮುನ್ನವೇ ಪದಕ ಗಳಿಸಿಬಿಡಬೇಕೆಂಬ ಆತುರವು ಇಲ್ಲಿ ಹುಟ್ಟುತ್ತದೆ. ಇಳಿಯುವಾಗ ಒಂದೇ ಕಾಲಿನ ಮೇಲೆ ದೇಹತೂಕದ ಐದು ಪಟ್ಟಿಗೂ ಮಿಗಿಲಾದ ಬಲ ಬೀಳುತ್ತದೆ. ಬಲಿಯದ ಎಲುಬುಗಳು ಅದನ್ನು ದಿನಕ್ಕೆ ಹತ್ತಾರು ಬಾರಿ ತಾಳಬೇಕು.

ಬೀಜಿಂಗಿನಲ್ಲಿ ಇದರ ಪರಿಣಾಮವನ್ನು ಜಗತ್ತು ಕಂಡಿತು. ಹದಿನೈದು ವರ್ಷದ ಕಮಿಲಾ ವಲಿಯೇವಾ, ಒಲಿಂಪಿಕ್ಸಿನಲ್ಲಿ ನಾಲ್ಕು ಸುತ್ತಿನ ನೆಗೆತವನ್ನು ಸಾಧಿಸಿದ ಪ್ರಥಮ ಮಹಿಳೆಯೆನಿಸಿದಳು. ಬಳಿಕ, ಹಿಂದಿನ ಡಿಸೆಂಬರಿನಲ್ಲಿ ತೆಗೆದಿದ್ದ ಅವಳ ಮಾದರಿಯಲ್ಲಿ ನಿಷೇಧಿತವಾದ ಹೃದ್ರೋಗದ ಔಷಧವೊಂದು ಕಂಡುಬಂದ ಸುದ್ದಿ ಹೊರಬಿದ್ದಿತು. ವೈಯಕ್ತಿಕ ಸ್ಪರ್ಧೆಯಲ್ಲಿ ಅವಳು ಮತ್ತೆ ಮತ್ತೆ ಬಿದ್ದು ನಾಲ್ಕನೆಯವಳಾದಳು. ೨೦೨೪ರ ಜನವರಿಯಲ್ಲಿ ಕ್ರೀಡಾ ನ್ಯಾಯಾಲಯವು ಅವಳಿಗೆ ನಾಲ್ಕು ವರ್ಷಗಳ ನಿಷೇಧವನ್ನು ವಿಧಿಸಿತು. ಶಿಕ್ಷೆಯ ಭಾರವೆಲ್ಲ ಬಾಲಕಿಯ ಮೇಲೆ ಬಿದ್ದಿತೆಂದು ಹಲವರು ಮರುಗಿದರು. ಆ ಮರುಕ ಅಕಾರಣವಲ್ಲ.

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ೨೦೨೨ರ ಜೂನ್ ತಿಂಗಳಿನಲ್ಲಿ ಹಿರಿಯರ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹಂತಹಂತವಾಗಿ ಹದಿನೇಳಕ್ಕೆ ಏರಿಸಲು ನಿರ್ಣಯಿಸಿತು. ಬೀಜಿಂಗಿನ ಅದೇ ಮಹಿಳಾ ಸ್ಪರ್ಧೆಯಲ್ಲಿ ಅಲೆಕ್ಸಾಂಡ್ರಾ ಟ್ರೂಸೊವಾ ಒಂದೇ ಪ್ರದರ್ಶನದಲ್ಲಿ ನಾಲ್ಕು ಸುತ್ತಿನ ಐದು ನೆಗೆತಗಳನ್ನು ಮಾಡಿ ಬೆಳ್ಳಿಯ ಪದಕವನ್ನು ಪಡೆದಳು. ಅವಳ ಪಕ್ಕದಲ್ಲಿ ಕಂಚಿನ ಪದಕ ತೊಟ್ಟು ನಿಂತಿದ್ದವರು ಜಪಾನಿನ ಕಾವೊರಿ ಸಕಮೊಟೊ; ವಯಸ್ಸು ಇಪ್ಪತ್ತೊಂದು. ಅವರು ನಾಲ್ಕು ಸುತ್ತಿನ ಒಂದು ನೆಗೆತವನ್ನೂ, ಮೂರೂವರೆ ಸುತ್ತಿನ ಆಕ್ಸೆಲ್ಲನ್ನೂ ಮಾಡಿರಲಿಲ್ಲ.