ಪಡಸಾಲೆಗೆ ತಕ್ಕ ಪರದೆ

ದೀಪಾವಳಿ ಹತ್ತಿರ ಬಂದಾಗ, ಇಲ್ಲವೇ ಗೋವಿನಜೋಳ ಮಾರಿದ ಹಣ ಕೈಸೇರಿದಾಗ, ನಮ್ಮ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮನೆಗಳಲ್ಲಿ ಹೊಸ ಟೆಲಿವಿಷನ್ನಿನ ಮಾತು ಏಳುತ್ತದೆ. ಮಗ ೫೫ ಅಂಗುಲದ್ದೇ ಬೇಕೆನ್ನುತ್ತಾನೆ. ತಾಯಿ ಗೋಡೆಯನ್ನು ಅಳೆಯುತ್ತಾಳೆ. ಅಜ್ಜ "ಮಾತು ಕೇಳಿಸಿದ್ರ ಸಾಕಪಾ" ಎಂದು ಸುಮ್ಮನಾಗುತ್ತಾರೆ. ಈ ಮೂವರಲ್ಲಿ ಅಜ್ಜನ ಮಾತೇ ಶಾಸ್ತ್ರಕ್ಕೆ ಹೆಚ್ಚು ಹತ್ತಿರವಾದುದೆಂದು ನನ್ನ ಅಭಿಪ್ರಾಯ.

ಮೊದಲು ಕಣ್ಣಿನ ವಿಷಯ. ೧೯೮೨ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದ ಕಾಲದಲ್ಲಿ ನಮ್ಮ ದೇಶದ ಚಿತ್ರವು ೬೨೫ ಗೆರೆಗಳಿಂದ ರಚಿತವಾಗುತ್ತಿತ್ತು. ಅವುಗಳಲ್ಲಿ ಕಣ್ಣಿಗೆ ಕಾಣುತ್ತಿದ್ದವು ಸುಮಾರು ೫೭೫. ಇಂದು ಅಂಗಡಿಯವರು 'ಎಚ್.ಡಿ. ರೆಡಿ' ಎಂದು ಕರೆಯುವ ಚಿತ್ರಕ್ಕೆ ೭೨೦ ಅಥವಾ ಅದಕ್ಕಿಂತ ಕೊಂಚ ಹೆಚ್ಚು ಗೆರೆಗಳು, 'ಫುಲ್ ಎಚ್.ಡಿ.'ಗೆ ೧೦೮೦, 'ಫೋರ್ ಕೆ'ಗೆ ೨೧೬೦. ಸಂಖ್ಯೆ ಹೆಚ್ಚಿದಷ್ಟೂ ಚಿತ್ರ ಸ್ಫುಟವಾಗುವುದು ನಿಜ. ಆದರೆ ಆ ಸ್ಫುಟತೆಯನ್ನು ಕಾಣಬೇಕಾದದ್ದು ಮನುಷ್ಯನ ಕಣ್ಣು, ಮತ್ತು ಆ ಕಣ್ಣಿಗೊಂದು ಮಿತಿಯಿದೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತ ಸೂಕ್ಷ್ಮವಾದುದನ್ನು ಸಾಮಾನ್ಯ ದೃಷ್ಟಿ ಬೇರೆ ಬೇರೆಯಾಗಿ ಗುರುತಿಸಲಾರದು. ಈ ಲೆಕ್ಕದಂತೆ, ಪರದೆಯ ಎತ್ತರದ ಮೂರೂಕಾಲು ಪಟ್ಟು ದೂರಕ್ಕೆ ಸರಿದೊಡನೆ ೧೦೮೦ ಗೆರೆಗಳಿಗೂ ೨೧೬೦ ಗೆರೆಗಳಿಗೂ ಇರುವ ಭೇದ ಅಳಿಸಿಹೋಗುತ್ತದೆ.

ಇದನ್ನು ಮನೆಯ ಅಳತೆಗೆ ಇಳಿಸಿ ನೋಡೋಣ. ಟೆಲಿವಿಷನ್ನಿನ ಅಂಗುಲವೆಂದರೆ ಪರದೆಯ ಮೂಲೆಯಿಂದ ಎದುರು ಮೂಲೆಗೆ ಹಿಡಿದ ಅಳತೆ. ೪೩ ಅಂಗುಲದ ಪರದೆಯ ಎತ್ತರ ೨೧ ಅಂಗುಲ ಮಾತ್ರ. ಅದರಲ್ಲಿ ಫೋರ್ ಕೆ ಚಿತ್ರದ ವೈಶಿಷ್ಟ್ಯ ಕಾಣಬೇಕಾದರೆ ಆರು ಅಡಿಗಿಂತ ಹತ್ತಿರ ಕೂಡಬೇಕು. ನಮ್ಮ ಪಡಸಾಲೆಗಳಲ್ಲಿ ಟಿ.ವಿ. ಒಂದು ಗೋಡೆಗೆ, ಮಂಚ ಎದುರಿನ ಗೋಡೆಗೆ. ನಡುವೆ ಹತ್ತು ಅಡಿಯಾದರೂ ಇರುತ್ತದೆ. ಹತ್ತು ಅಡಿಯಿಂದ ಆ ಭೇದ ತಿಳಿಯಬೇಕಾದರೆ ೭೫ ಅಂಗುಲಕ್ಕೂ ದೊಡ್ಡ ಪರದೆ ಬೇಕಾಗುತ್ತದೆ. ದೊಡ್ಡ ಗಾತ್ರಗಳಲ್ಲಿ ಈಗ ಹೆಚ್ಚಾಗಿ ಫೋರ್ ಕೆ ಸೆಟ್ಟುಗಳೇ ದೊರೆಯುವುದರಿಂದ ಅದು ತಾನಾಗಿ ಬಂದರೆ ಬರಲಿ. ಆ ಸಂಖ್ಯೆಗಾಗಿ ಮಾತ್ರ ಹೆಚ್ಚಿನ ಹಣ ತೆರಬೇಕಾಗಿಲ್ಲ. ೩೨ ಅಂಗುಲಕ್ಕಿಂತ ದೊಡ್ಡ ಸೆಟ್ಟುಗಳ ಮೇಲಿನ ತೆರಿಗೆಯನ್ನು ೨೦೨೫ರ ಸೆಪ್ಟೆಂಬರಿನಲ್ಲಿ ಶೇಕಡಾ ೨೮ರಿಂದ ೧೮ಕ್ಕೆ ಇಳಿಸಿದ್ದಾರೆ. ತೆರಿಗೆಗೆ ಅಂಜಿ ಚಿಕ್ಕದನ್ನೇ ಕೊಳ್ಳುವ ಕಾರಣವೂ ಇದರಿಂದ ಇಲ್ಲವಾಯಿತು.

ಪರದೆ ಎಷ್ಟೇ ಉತ್ತಮವಾಗಿರಲಿ, ಒಳಬರುವ ಚಿತ್ರ ಹಳೆಯ ಬಗೆಯದಾದರೆ ಅದು ಮಸಕನ್ನೇ ಹಿಗ್ಗಿಸಿ ತೋರಿಸುತ್ತದೆ. ಮಾಸಿಕ ಶುಲ್ಕವಿಲ್ಲದ ಡಿ.ಡಿ. ಫ್ರೀ ಡಿಶ್‌ನಲ್ಲಿ ಬರುವ ಬಹುತೇಕ ವಾಹಿನಿಗಳು ಹಳೆಯ ಸ್ಫುಟತೆಯವೇ. ಅದನ್ನೇ ನೆಚ್ಚಿದ ಮನೆಗೆ ೩೨ ಅಂಗುಲ ಒಪ್ಪುವಷ್ಟು ೬೫ ಅಂಗುಲ ಒಪ್ಪದು. ಮೊಮ್ಮಕ್ಕಳು ಇಂಟರ್‌ನೆಟ್ಟಿನಿಂದ ಸಿನೆಮಾ ತರಿಸುವ ಮನೆಯ ಮಾತು ಬೇರೆ.

ಅಂಗಡಿಯಲ್ಲಿ ತೋರಿಸುವ ಚಿತ್ರವನ್ನು ನಂಬಬಾರದು. ಅಲ್ಲಿ ಗಿಳಿಗಳು, ಜಲಪಾತಗಳು, ಹಣ್ಣಿನ ರಾಶಿಗಳು ಕಣ್ಣು ಕೋರೈಸುತ್ತವೆ. ಬೆಳಕು, ಬಣ್ಣಗಳನ್ನು ತುತ್ತತುದಿಗೆ ಏರಿಸಿಟ್ಟಿರುತ್ತಾರೆ. "ಸಿನೆಮಾ ಮೋಡಿಗೆ ಹಾಕಿ, ಮನುಷ್ಯರ ಮುಖ ತೋರಿಸಿರಿ" ಎಂದು ಕೇಳಿ. ಮೈಬಣ್ಣ ಸಹಜವಾಗಿ ಕಂಡರೆ ಉಳಿದುದೆಲ್ಲ ಬಹುಮಟ್ಟಿಗೆ ಸರಿಯಿದ್ದಂತೆ. ಬಳಿಕ ಪಕ್ಕಕ್ಕೆ ಸರಿದು, ಓರೆಯಾಗಿ ನಿಂತು ನೋಡಿ. ಕ್ರಿಕೆಟ್ಟಿನ ರಾತ್ರಿ ನಮ್ಮ ಪಡಸಾಲೆಯಲ್ಲಿ ಪರದೆಗೆ ನೇರವಾಗಿ ಕೂಡುವವರು ಇಬ್ಬರಾದರೆ ಬಾಗಿಲ ಬಳಿ, ಗೋಡೆಯಂಚಿನಲ್ಲಿ ಕೂಡುವವರು ಎಂಟು ಜನ. ಓರೆಯಿಂದ ಬಣ್ಣ ಸುಣ್ಣದಂತೆ ಬಿಳಿಚಿಕೊಳ್ಳುವ ಪರದೆ ಇಂಥ ಮನೆಗಲ್ಲ.

ಇನ್ನು ಕಿವಿಯ ವಿಷಯ. ನನಗೆ ಮುಖ್ಯವಾದದ್ದು ಇದೇ. ಪರದೆ ತೆಳುವಾದಂತೆ ಅದರೊಳಗಿನ ಧ್ವನಿವರ್ಧಕವೂ ಬಡವಾಗಿದೆ. ಹಿಂದಿನ ಮರದ ಪೆಟ್ಟಿಗೆಯ ಸೆಟ್ಟಿನಲ್ಲಿ ಅದು ನಮ್ಮತ್ತ ಮುಖಮಾಡಿರುತ್ತಿತ್ತು. ಈಗ ಬಹುಮಟ್ಟಿಗೆ ನೆಲಕ್ಕೋ ಹಿಂಗೋಡೆಗೋ ಮುಖಮಾಡಿರುತ್ತದೆ. ವಯಸ್ಸಾದವರಲ್ಲಿ ಮೊದಲು ಕುಂದುವುದು ಎತ್ತರದ ಸ್ವರಗಳನ್ನು ಕೇಳುವ ಶಕ್ತಿ. ಸ, ಶ, ತ, ಕ ಮೊದಲಾದ ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲಿಯೇ. ಆದುದರಿಂದ ಅಜ್ಜನಿಗೆ ಗದ್ದಲ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಧ್ವನಿ ಏರಿಸಿದರೆ ಗದ್ದಲವೂ ಏರುತ್ತದೆ, ಮನೆಯವರು ಬೈಯುತ್ತಾರೆ, ಮುದುಕರು ಎದ್ದು ಕಟ್ಟೆಗೆ ಹೋಗಿ ಕೂಡುತ್ತಾರೆ. ಎಷ್ಟೋ ಮನೆಗಳಲ್ಲಿ ನಾನು ಇದನ್ನು ಕಂಡಿದ್ದೇನೆ.

ಹತ್ತು ಅಂಗುಲ ಚಿಕ್ಕ ಪರದೆ ಕೊಂಡು, ಉಳಿದ ಹಣದಲ್ಲಿ ಒಂದು ಸೌಂಡ್‌ಬಾರ್ ಕೊಳ್ಳಿರೆಂದು ನಾನು ಹೇಳುವುದು ಇದಕ್ಕಾಗಿ. ಅದರಲ್ಲಿಯೂ ನಡುವೆ ಮಾತಿಗೆಂದೇ ಪ್ರತ್ಯೇಕ ಧ್ವನಿವರ್ಧಕವಿರುವ, '೩.೧' ಎಂದು ಗುರುತಿಸುವ ಬಗೆ ಮೇಲು. ಕೊಳ್ಳುವ ಮುನ್ನ ಪರೀಕ್ಷೆಗಾಗಿ ಹಾನಗಲ್ಲಿನ ಹೆಸರನ್ನು ಜಗತ್ತಿಗೆ ಕೇಳಿಸಿದ ಗಂಗೂಬಾಯಿ ಹಾನಗಲ್ (೧೯೧೩–೨೦೦೯) ಅವರ ಒಂದು ವಿಲಂಬಿತ ಖ್ಯಾಲನ್ನು ಹಾಕಿಸಿ. ಆ ಗಂಭೀರ ಕಂಠ ಮಂದ್ರಕ್ಕೆ ಇಳಿದಾಗ ಎದೆಗೆ ತಾಕಬೇಕು. ಹಿಂದಿನ ತಂಬೂರಿ ತುಂಬಿ ಮೊಳಗಬೇಕು. ತಂಬೂರಿ ಸೊಳ್ಳೆಯ ಗುಂಯ್‌ಗುಡುವಿಕೆಯಂತೆ ಕೇಳಿದರೆ, ಬೆಲೆ ಎಷ್ಟೇ ಇರಲಿ, ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬನ್ನಿ.

'ಹೋಮ್ ಥಿಯೇಟರ್' ಎಂಬುದರಲ್ಲಿ ಐದು ಧ್ವನಿವರ್ಧಕಗಳೂ ಒಂದು ಸಬ್‌ವೂಫರೂ ಇರುತ್ತವೆ. ಹಿಂದಿನ ಎರಡನ್ನು ಕೇಳುವವರ ಎರಡು ಪಕ್ಕಗಳಲ್ಲಿ, ತುಸು ಹಿಂದಕ್ಕೆ, ಸಮದೂರದಲ್ಲಿ ಇಡಬೇಕು. ಒಂದು ಪಕ್ಕ ಅಡುಗೆಮನೆಯ ಬಾಗಿಲು, ಇನ್ನೊಂದು ಪಕ್ಕ ಜೋಳದ ಚೀಲಗಳಿರುವ ಪಡಸಾಲೆಯಲ್ಲಿ ಅದು ಎಲ್ಲಿಯ ಮಾತು! ಮೇಲಿನಿಂದ ಧ್ವನಿ ಸುರಿಯುವಂತೆ ಮಾಡುವ 'ಆಟ್ಮೋಸ್' ಬಗೆಯ ಸೌಂಡ್‌ಬಾರುಗಳು ನಾದವನ್ನು ಛಾವಣಿಗೆ ಬಡಿದು ಹಿಂದಿರುಗಿಸುತ್ತವೆ. ಅದಕ್ಕೆ ಸಪಾಟಾದ ಛಾವಣಿ ಬೇಕು. ಇಳಿಜಾರಾದ ಹಂಚಿನ ಮಾಡಿಗೆ ಬಡಿದ ನಾದ ಎತ್ತಲೋ ಹೋಗುತ್ತದೆ. ಹಾಗೆಂದು ಹಳೆಯ ಮಣ್ಣಿನ ಗೋಡೆಯ ಮನೆಗಳವರು ಕೊರಗಬೇಕಾಗಿಲ್ಲ. ಗ್ರಾನೈಟ್ ಹಾಸಿದ ಹೊಸ ಆರ್.ಸಿ.ಸಿ. ಮನೆಗಳಲ್ಲಿ ಮಾತು ಗೋಡೆಯಿಂದ ಗೋಡೆಗೆ ಪುಟಿದು ಕಲಸಿಹೋಗುತ್ತದೆ. ಅಲ್ಲಿ ನೆಲಕ್ಕೊಂದು ದಪ್ಪ ಜಮಖಾನೆ, ಎದುರು ಗೋಡೆಗೆ ಅಜ್ಜಿ ಹೊಲಿದ ಒಂದು ಕೌದಿ ತೂಗುಹಾಕಿದರೆ ಸಾವಿರಾರು ರೂಪಾಯಿಯ ಉಪಕರಣಕ್ಕಿಂತ ಹೆಚ್ಚು ಗುಣ ಕಾಣುತ್ತದೆ. ಸಬ್‌ವೂಫರನ್ನು ನೆರೆಮನೆಯೊಡನೆ ಹಂಚಿಕೊಂಡ ಗೋಡೆಗೆ ತಾಗಿಸಿ ಇಡಬೇಡಿ. ಓಣಿಯ ಜಗಳಕ್ಕೆ ಅಷ್ಟೇ ಸಾಕು.

ಸೌಂಡ್‌ಬಾರಿನ ತಂತಿಯನ್ನು ಟಿ.ವಿ.ಯ ಹಿಂಬದಿಯಲ್ಲಿ 'ಎ.ಆರ್.ಸಿ.' ಎಂದು ಬರೆದಿರುವ ಎಚ್.ಡಿ.ಎಂ.ಐ. ಕಿಂಡಿಗೇ ಜೋಡಿಸಬೇಕು. ಆಗ ಧ್ವನಿಯನ್ನು ಏರಿಸುವುದೂ ಇಳಿಸುವುದೂ ಟಿ.ವಿ.ಯ ರಿಮೋಟಿನಿಂದಲೇ ಆಗುತ್ತದೆ. ವೃದ್ಧರು ಎರಡು ಮೂರು ರಿಮೋಟುಗಳ ನಡುವೆ ತಡಕಾಡುವುದು ತಪ್ಪುತ್ತದೆ.

ಕೊನೆಗೆ ವಿದ್ಯುತ್ತು. ಈಗಿನ ಅನೇಕ ಸೆಟ್ಟುಗಳು ೧೦೦ರಿಂದ ೨೪೦ ವೋಲ್ಟುಗಳವರೆಗೆ ತಾಳಿಕೊಳ್ಳುತ್ತವೆ; ಹಿಂಬದಿಯ ಚೀಟಿಯಲ್ಲಿ ಹಾಗೆ ಬರೆದಿದ್ದರೆ ವೋಲ್ಟೇಜು ಇಳಿಯುವ ಭಯಕ್ಕೆ ಸ್ಟೆಬಿಲೈಸರ್ ಕೊಳ್ಳಬೇಕಾಗಿಲ್ಲ. ಆ ಹಣವನ್ನು ಮನೆಯ ಅರ್ಥಿಂಗ್ ಸರಿಪಡಿಸಲು ಬಳಸಿರಿ. ಸಿಡಿಲಿಗೆ ಮಾತ್ರ ಸ್ಟೆಬಿಲೈಸರೂ ಅಡ್ಡಬರಲಾರದು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಗುಡುಗು ಕೇಳುವ ಮೊದಲೇ, ಮೋಡ ಕಪ್ಪಾಗುತ್ತಿದ್ದಂತೆ, ಪ್ಲಗ್ಗನ್ನೂ ಡಿಶ್ಶಿನ ಕೇಬಲ್ಲನ್ನೂ ಕಿತ್ತಿಡಬೇಕು. ಪ್ಲಗ್ಗನ್ನು ಕಿತ್ತು ಕೇಬಲ್ಲನ್ನು ಮರೆಯುವವರೇ ಹೆಚ್ಚು. ಸಿಡಿಲಿನ ಹೊಡೆತಕ್ಕೆ ಮಾಳಿಗೆಯಿಂದ ಒಳಬರಲು ಆ ಒಂದು ತಂತಿಯೇ ಸಾಕು.