ಸೈಕಲ್ ಸವಾರನ ತಲೆಗೆ ಎರಡು ಸೆಂಟಿಮೀಟರ್ ಕಾವಲು

ದೊಡ್ಡಬಳ್ಳಾಪುರ–ನೆಲಮಂಗಲ ರಸ್ತೆಯಲ್ಲಿ ಮಧುರೆ ಹೋಬಳಿಯ ಮಕ್ಕಳು ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುವಾಗ ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತವೆ. ಶನಿವಾರ ಬಂತೆಂದರೆ ಶನಿಮಹಾತ್ಮ ಗುಡಿಗೆ ಬರುವ ವಾಹನಗಳೂ ಸೇರಿಕೊಳ್ಳುತ್ತವೆ. 2006-07ರಲ್ಲಿ ಶುರುವಾದ ಸರ್ಕಾರಿ ಸೈಕಲ್ ಯೋಜನೆ ಎಂಟನೇ ತರಗತಿಯ ಎಷ್ಟೋ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ದಾರಿಯನ್ನು ಹತ್ತಿರ ಮಾಡಿತು. ಅವರ ತಲೆಯ ರಕ್ಷಣೆಯ ಮಾತು ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ ಕೇಳುವುದು ಮೋಟಾರ್ ಬೈಕಿನವರಿಂದ, ತುಳಿಯುವವರಿಂದಲ್ಲ.

ಹಾಗಾದರೆ ಸೈಕಲ್ಲಿಗೆ ಹೆಲ್ಮೆಟ್ ಬೇಡವೇ? ಒಂದು ಸಣ್ಣ ಲೆಕ್ಕ ಹಾಕೋಣ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 19 ಕಿಲೋಮೀಟರ್. ಸೈಕಲ್ ನಿಂತಲ್ಲೇ ವಾಲಿ ಬಿದ್ದರೂ ಹೆಚ್ಚುಕಡಿಮೆ ಇಷ್ಟೇ. ಟಾರು ರಸ್ತೆ ತಗ್ಗಿಕೊಡುವುದಿಲ್ಲ. ಮೂರು ಮಿಲಿಮೀಟರಿನೊಳಗೆ ತಲೆ ನಿಂತುಬಿಟ್ಟರೆ ಅದಕ್ಕೆ ಬೀಳುವ ಹೊಡೆತ ಗುರುತ್ವದ 500 ಪಟ್ಟು. ಹೆಲ್ಮೆಟ್ಟಿನ ಒಳಪದರ ಥರ್ಮಾಕೋಲಿನ ಜಾತಿಯದೇ, ಅದಕ್ಕಿಂತ ಗಟ್ಟಿ. ಅದು ಎರಡು ಸೆಂಟಿಮೀಟರಿನಷ್ಟು ನಜ್ಜಾದರೆ ಹೊಡೆತ 75 ಪಟ್ಟಿಗೆ ಇಳಿಯುತ್ತದೆ. ಯುರೋಪಿನ ಮಾನದಂಡ ಪರೀಕ್ಷೆಯಲ್ಲಿ ಒಪ್ಪುವ ಮಿತಿ 250 ಪಟ್ಟು.

ಈ ಲೆಕ್ಕವೇ ಹೆಲ್ಮೆಟ್ಟಿನ ಮಿತಿಯನ್ನೂ ಹೇಳುತ್ತದೆ. ವೇಗ ಎರಡು ಪಟ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಷ್ಟು ದಪ್ಪದ ಪದರ ಯಾವ ಸೈಕಲ್ ಹೆಲ್ಮೆಟ್ಟಿನಲ್ಲೂ ಇಲ್ಲ. ವೇಗವಾಗಿ ಬಂದ ಲಾರಿ ಗುದ್ದಿದರೆ ಹೆಲ್ಮೆಟ್ಟನ್ನು ನೆಚ್ಚಿಕೊಳ್ಳುವಂತಿಲ್ಲ. ಓರೆಯಾಗಿ ಬಿದ್ದಾಗ ಬುರುಡೆಯೊಳಗೆ ಮಿದುಳು ತಿರುಚಿಕೊಳ್ಳುವ ಪೆಟ್ಟನ್ನು ಸಾಮಾನ್ಯ ಹೆಲ್ಮೆಟ್ ಅಷ್ಟಾಗಿ ತಡೆಯದು.

ಆದರೂ ಆಸ್ಪತ್ರೆಗಳ ದಾಖಲೆ ಹೆಲ್ಮೆಟ್ಟಿನ ಪರವಾಗಿಯೇ ಇದೆ. 1989ರ ಸಿಯಾಟಲ್ ಅಧ್ಯಯನ ತಲೆಪೆಟ್ಟು ಶೇ. 85ರಷ್ಟು ತಗ್ಗುತ್ತದೆ ಎಂದಿತ್ತು. ಅದು ಉತ್ಪ್ರೇಕ್ಷೆ ಎಂಬ ಟೀಕೆ ಬಂತು. ಆಸ್ಟ್ರೇಲಿಯಾದ ಜೇಕ್ ಆಲಿವಿಯರ್ ಮತ್ತು ಪ್ರುಡೆನ್ಸ್ ಕ್ರೈಟನ್ 2016ರಲ್ಲಿ 40 ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಹೆಲ್ಮೆಟ್ ಹಾಕಿದ್ದವರಲ್ಲಿ ತಲೆಗೆ ಗಂಭೀರ ಪೆಟ್ಟಾಗುವ ಸಾಧ್ಯತೆ ಸುಮಾರು ಶೇ. 69ರಷ್ಟು ಕಡಿಮೆ ಇತ್ತು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲೇ ಹೆಲ್ಮೆಟ್ ಕಡ್ಡಾಯ ಮಾಡಿತು. ನೆದರ್ಲೆಂಡ್ಸಿನಲ್ಲಿ ಬರಿತಲೆಯಲ್ಲೇ ತುಳಿಯುವವರು ಹೆಚ್ಚು. ಆದರೆ ಅಲ್ಲಿ ಸೈಕಲ್ಲಿಗೆ ಪ್ರತ್ಯೇಕ ದಾರಿಯಿದೆ. ನಮ್ಮಲ್ಲಿ ಆ ದಾರಿಯೇ ಇಲ್ಲ. ಕೂಲಿಗೆ ಹೋಗುವ ಸೈಕಲ್ ಸವಾರನಿಗೆ ದಂಡ ಹಾಕುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಮೊದಲು ರಸ್ತೆಯ ಅಂಚು ಅಗಲವಾಗಲಿ, ಶಾಲೆಗಳ ಮುಂದೆ ವಾಹನಗಳ ವೇಗ ಇಳಿಯಲಿ.

ಅಲ್ಲಿಯವರೆಗೆ ಮಕ್ಕಳ ತಲೆ ಕಾಯುವುದು ನಮ್ಮ ಕೈಯಲ್ಲಿದೆ. ಸೈಕಲ್ ಕೊಡಿಸುವ ದಿನವೇ ಹೆಲ್ಮೆಟ್ಟನ್ನೂ ಕೊಡಿಸಿ. ಅದು ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಕೂರಬೇಕು, ಗಲ್ಲದ ಪಟ್ಟಿ ಬಿಗಿಯಾಗಿರಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಅದನ್ನು ಮತ್ತೆ ಹಾಕಿಸಬೇಡಿ.